ಸೋಂಕು ತಡೆಯಲ್ಲಿ ದೂರವೈದ್ಯಕೀಯ

ದೂರವೈದ್ಯಕೀಯ ಅಥವಾ ಟೆಲಿಮೆಡಿಸಿನ್ ಎಂದರೆ ದೂರವಾಣಿ, ವಿಡಿಯೋ ಮತ್ತು ಅಂತರಜಾಲದ ನೆರವಿನಿಂದ ವೈದ್ಯಕೀಯ ಸಲಹೆ ನೀಡುವ ಪದ್ಧತಿ. ಆರೋಗ್ಯ ಸಂಸ್ಥೆಗಳಲ್ಲಿ ಸೋಂಕು ಹರಡದಂತೆ ತಡೆಯಲೂ ಇದನ್ನು ಬಳಸಲಾಗುತ್ತದೆ. ಆಸ್ಪತ್ರೆಗೆ ದಾಖಲಾಗಿ 48 ಗಂಟೆಗಳು ಕಳೆದ ನಂತರ ಕಾಣಿಸಿಕೊಳ್ಳುವ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಜನ್ಯ ಸೋಂಕು ಎಂದು ಪರಿಗಣಿಸುತ್ತಾರೆ. ಇದು ರೋಗಿಗಳನ್ನಷ್ಟೇ ಅಲ್ಲದೆ ಶುಶ್ರೂಷಕಿಯರು, ವೈದ್ಯರು ಹಾಗೂ ಸ್ವಚ್ಛತಾ ಸಿಬ್ಬಂದಿಯನ್ನೂ ಬಾಧಿಸಬಲ್ಲದು.

ಹಿನ್ನೆಲೆ

1847ರಲ್ಲಿ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ವೈದ್ಯರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆದುಕೊಂಡರೆ ಬಾಣಂತಿಯರ ಸಾವು ಇಳಿಯುವುದೆಂದು ತೋರಿಸಿದರು. ಕೈಗಳ ಶುಚಿತ್ವ ಇಂದಿಗೂ ಸೋಂಕು ನಿಯಂತ್ರಣದ ತಳಹದಿಯಾಗಿದೆ. ಭಾರತದ ಆರೋಗ್ಯ ಸಚಿವಾಲಯವು 2020ರ ಜನವರಿಯಲ್ಲಿ ಆರೋಗ್ಯ ಸಂಸ್ಥೆಗಳಿಗಾಗಿ ಸೋಂಕು ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಮಾರ್ಗಸೂಚಿಯನ್ನು ಪ್ರಕಟಿಸಿತು.

ಕರ್ನಾಟಕದಲ್ಲಿ ದೂರವೈದ್ಯಕೀಯವು ಹೃದ್ರೋಗ ಚಿಕಿತ್ಸೆಯ ನೆರವಿಗಾಗಿ ಆರಂಭವಾಯಿತು. 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಲಾಯಿತು. ಸೋಂಕು ತಡೆಯಲ್ಲಿ ಇದರ ಮಹತ್ವ ಕೋವಿಡ್-19ರ ಕಾಲದಲ್ಲಿ ಸ್ಪಷ್ಟವಾಯಿತು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯ ವೃದ್ಧರದಾಗಿತ್ತು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರಿಗೂ ಸೋಂಕು ತಗುಲಿತು.

ಅದೇ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಹೊರಡಿಸಿತು. ಏಪ್ರಿಲ್‌ನಲ್ಲಿ ಮನೆಯಿಂದಲೇ ವೈದ್ಯರನ್ನು ಕಾಣುವ ಇ-ಸಂಜೀವಿನಿ ಒಪಿಡಿ ಸೇವೆಯೂ, ರಾಜ್ಯದ ಆಪ್ತಮಿತ್ರ ಸಹಾಯವಾಣಿಯೂ (14410) ಆರಂಭವಾದವು. ಜಿಲ್ಲಾ ಆಸ್ಪತ್ರೆಗಳ ತೀವ್ರ ನಿಗಾ ಘಟಕದ ರೋಗಿಗಳ ಸ್ಥಿತಿಯನ್ನು ತಜ್ಞರು ಬೆಂಗಳೂರಿನಿಂದ ವಿಡಿಯೋ ಮೂಲಕ ಚರ್ಚಿಸುವ ಟೆಲಿ-ಐಸಿಯು ವ್ಯವಸ್ಥೆಯನ್ನೂ ರಾಜ್ಯ ಸರ್ಕಾರ ರೂಪಿಸಿತು.

ಕಾರ್ಯವಿಧಾನ

ದೂರವೈದ್ಯಕೀಯವು ಮುಖ್ಯವಾಗಿ ಮೂರು ಬಗೆಯಲ್ಲಿ ಸೋಂಕನ್ನು ತಡೆಯುತ್ತದೆ.

* ಜನಸಂದಣಿ ತಗ್ಗಿಸುವುದು: ಕೆಮ್ಮು, ಜ್ವರ ಇರುವವರು ಮೊದಲು ಕರೆ ಮಾಡಿದರೆ, ಆಸ್ಪತ್ರೆಗೆ ಬರಬೇಕಾದವರನ್ನು ಗುರುತಿಸಿ ಪ್ರತ್ಯೇಕವಾಗಿ ಕೂರಿಸಬಹುದು. ಗರ್ಭಿಣಿಯರು, ಮಧುಮೇಹಿಗಳು ಅವರೊಡನೆ ಒಂದೇ ಸಾಲಿನಲ್ಲಿ ಕಾಯಬೇಕಾಗಿಲ್ಲ.
* ಸಂಪರ್ಕ ಕಡಿಮೆ ಮಾಡುವುದು: ಪ್ರತ್ಯೇಕ ಕೊಠಡಿಯ ರೋಗಿಯೊಡನೆ ವಿಡಿಯೋ ಮೂಲಕ ಮಾತನಾಡಿದಾಗ ಒಳಹೋಗುವ ಸಿಬ್ಬಂದಿಯ ಸಂಖ್ಯೆಯೂ, ರಕ್ಷಣಾ ಉಡುಪಿನ ಬಳಕೆಯೂ ಇಳಿಯುತ್ತವೆ.
* ತಜ್ಞತೆ ತಲುಪಿಸುವುದು: ಕೈ ತೊಳೆಯುವ ಕ್ರಮ, ಉಪಕರಣಗಳ ಕ್ರಿಮಿಶುದ್ಧೀಕರಣ, ಪ್ರತಿಜೈವಿಕಗಳ ಮಿತಬಳಕೆ ಮುಂತಾದ ವಿಷಯಗಳಲ್ಲಿ ಸಣ್ಣ ಆಸ್ಪತ್ರೆಗಳ ಸಿಬ್ಬಂದಿಗೆ ದೂರದಿಂದಲೇ ತರಬೇತಿ ನೀಡಬಹುದು. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಆರಂಭಿಸಿದ ‘ಎಕೋ’ ಮಾದರಿ ಇಂತಹ ಕಲಿಕೆಗೆ ಪ್ರಸಿದ್ಧ. ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯದ ತರಬೇತಿಗೆ ಇದನ್ನು ಅಳವಡಿಸಿಕೊಂಡಿದೆ.

ಸಣ್ಣ ಊರುಗಳಲ್ಲಿ ಪ್ರಸ್ತುತತೆ

ಹಾವೇರಿ ತಾಲ್ಲೂಕಿನ ಗುತ್ತಲ ಹಾಗೂ ರಾಣೆಬೆನ್ನೂರು, ಬ್ಯಾಡಗಿ ಭಾಗದ ಹಳ್ಳಿಗಳಿಂದ ಬೆಂಗಳೂರು ಸುಮಾರು 300 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚು ದೂರದಲ್ಲಿದೆ. ಇಂತಹ ಕಡೆ ತಜ್ಞರ ಸಲಹೆಗಾಗಿ ಪ್ರತಿ ರೋಗಿಯೂ ಬಸ್ಸಿನಲ್ಲಿ ಪ್ರಯಾಣಿಸುವುದು ಖರ್ಚಿನ ಮಾತಷ್ಟೇ ಅಲ್ಲ, ಸೋಂಕು ಹರಡುವ ದಾರಿಯೂ ಹೌದು. ಇ-ಸಂಜೀವಿನಿಯ ಇನ್ನೊಂದು ವಿಧಾನದಲ್ಲಿ ಗ್ರಾಮದ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯೇ ರೋಗಿಯನ್ನು ದೂರದ ವೈದ್ಯರೊಡನೆ ಮಾತನಾಡಿಸುತ್ತಾರೆ. ಸ್ವಂತ ಸ್ಮಾರ್ಟ್‌ಫೋನ್ ಇಲ್ಲದವರಿಗೂ ಇದರಿಂದ ಸೇವೆ ದೊರೆಯುತ್ತದೆ.

ಮಿತಿಗಳು

ಗಾಯಕ್ಕೆ ಪಟ್ಟಿ ಕಟ್ಟುವುದು, ಚುಚ್ಚುಮದ್ದು ನೀಡುವುದು, ಹೆರಿಗೆ ಮಾಡಿಸುವುದು ದೂರದಿಂದ ಆಗುವ ಕೆಲಸಗಳಲ್ಲ. ಸಾಬೂನಿನಿಂದ 40ರಿಂದ 60 ಸೆಕೆಂಡು ಕೈ ತೊಳೆಯಬೇಕೆಂದು ವಿಡಿಯೋದಲ್ಲಿ ಕಲಿಸಬಹುದು. ಆದರೆ ನಲ್ಲಿಯಲ್ಲಿ ನೀರು ಸ್ಥಳದಲ್ಲಿಯೇ ಇರಬೇಕು. ಜೈವಿಕ ವೈದ್ಯಕೀಯ ತ್ಯಾಜ್ಯವನ್ನು 2016ರ ನಿಯಮಗಳಂತೆ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳ ಪ್ರಕಾರ ಬೇರ್ಪಡಿಸುವ ಹೊಣೆ ಅಲ್ಲಿನ ಸಿಬ್ಬಂದಿಯದೇ. ಹಲವರ ಕೈ ಬದಲಾಗುವ ಫೋನು, ಟ್ಯಾಬ್ಲೆಟ್‌ಗಳೂ ಸೋಂಕಿನ ವಾಹಕಗಳಾಗಬಹುದು, ಆದುದರಿಂದ ಅವುಗಳನ್ನು ಆಗಾಗ ಶುಚಿಗೊಳಿಸಬೇಕು. ದುರ್ಬಲ ಅಂತರಜಾಲ, ವಿದ್ಯುತ್ ಕಡಿತ ಮತ್ತು ರೋಗಿಯ ಮಾಹಿತಿಯ ಗೋಪ್ಯತೆ ಇತರ ಸಮಸ್ಯೆಗಳಾಗಿವೆ. ಹೀಗಾಗಿ ದೂರವೈದ್ಯಕೀಯವು ಸ್ಥಳೀಯ ಶುಚಿತ್ವ ವ್ಯವಸ್ಥೆಗೆ ಪೂರಕವೇ ಹೊರತು ಪರ್ಯಾಯವಲ್ಲ.