ಎಂಜಿನ್ ಸಂದಿಗೆ ಹಚ್ಚುವ ಅಂಟು

ಎಂಜಿನ್ನಿನ ಭಾಗಗಳ ಸಂದಿಯಲ್ಲಿ ಇಡುವ ಗ್ಯಾಸ್ಕೆಟ್‌ಗೆ ಅಂಟು ಹಚ್ಚಿ ಕೂರಿಸುವ ಪದ್ಧತಿಯ ಮೂಲ ಮೋಟಾರು ಕಾರಿಗಿಂತ ಹಳೆಯದು. ಉಗಿಯಂತ್ರಗಳ ಕಾಲದಲ್ಲಿ ಎರಕದ ಕಬ್ಬಿಣದ ಮುಖಗಳನ್ನು ಉಳಿ ಮತ್ತು ಅರದಿಂದ ಕೈಯಲ್ಲೇ ಮಟ್ಟ ಮಾಡುತ್ತಿದ್ದರು. ಎಷ್ಟು ಉಜ್ಜಿದರೂ ಉಬ್ಬುತಗ್ಗು ಉಳಿದೇ ಉಳಿಯುತ್ತಿತ್ತು. ಆ ಸಂದಿಗೆ ಅಗಸೆ ಎಣ್ಣೆಯಲ್ಲಿ ಕಲಸಿದ ಕೆಂಪು ಸೀಸ ಅಥವಾ ಬಿಳಿ ಸೀಸದ ಪುಟ್ಟಿ ಮೆತ್ತಿ, ನಾರು ಸೇರಿಸಿ, ಬೋಲ್ಟ್ ಬಿಗಿಯುತ್ತಿದ್ದರು. ಜೇಮ್ಸ್ ವಾಟ್‌ನ 1769ರ ಪೇಟೆಂಟ್‌ನಲ್ಲಿಯೂ ಉಗಿ ಸೋರದಂತೆ ತಡೆಯಲು ಎಣ್ಣೆ, ಮೇಣ, ರಾಳ, ಪ್ರಾಣಿಗಳ ಕೊಬ್ಬು, ಪಾದರಸಗಳ ಪ್ರಸ್ತಾಪವಿದೆ.

ಪೆಟ್ರೋಲ್ ಎಂಜಿನ್ ಬಂದಾಗ ಸಮಸ್ಯೆ ಇನ್ನಷ್ಟು ಬಿಗಡಾಯಿಸಿತು. ಸಿಲಿಂಡರ್ ಬ್ಲಾಕ್ ಮತ್ತು ಹೆಡ್ ಸೇರುವ ಜಾಗದಲ್ಲಿ ಉರಿಯುವ ಅನಿಲವನ್ನೂ ತಂಪು ಮಾಡುವ ನೀರನ್ನೂ ಎಣ್ಣೆಯನ್ನೂ ಒಂದಕ್ಕೊಂದು ಬೆರೆಯದಂತೆ ತಡೆಯಬೇಕು. ಇದಕ್ಕೆ ಹೆದರಿ ಅನೇಕ ತಯಾರಕರು ಹೆಡ್ಡನ್ನೂ ಸಿಲಿಂಡರನ್ನೂ ಒಂದೇ ಎರಕದಲ್ಲಿ ಹೊಯ್ದರು. 1920ರ ದಶಕದ ಬೆಂಟ್ಲಿ ಎಂಜಿನ್‌ಗಳು ಅಂಥವು. ಸಂದಿಯೇ ಇಲ್ಲವಾದ್ದರಿಂದ ಸೋರಿಕೆಯೂ ಇರಲಿಲ್ಲ. ಆದರೆ ವಾಲ್ವ್ ಉಜ್ಜಬೇಕಾದರೆ ಇಡೀ ಬ್ಲಾಕನ್ನೇ ಎತ್ತಬೇಕಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಬೇರೆ ದಾರಿ ಹಿಡಿಯಿತು. ಅದರ ಹೆಡ್ ಬಿಚ್ಚಿ ತೆಗೆಯುವಂಥದ್ದು. ನಡುವೆ ತಾಮ್ರದ ತಗಡಿನೊಳಗೆ ಆಸ್ಬೆಸ್ಟಾಸ್ ಇಟ್ಟ ಗ್ಯಾಸ್ಕೆಟ್. ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ಕಾರ್ಖಾನೆಯಿಂದ ಹೊರಬಂದು ಹಳ್ಳಿಯ ಕಮ್ಮಾರನ ಕೈಗೂ ರೈತನ ಕೈಗೂ ಸಿಕ್ಕಿದ್ದು ಇಂಥ ವಿನ್ಯಾಸದಿಂದ. ಈ ಕಾರಿಗೆ ಫೆಲ್ಟ್ ಗ್ಯಾಸ್ಕೆಟ್ ಮಾಡಿಕೊಡಲೆಂದೇ 1918ರಲ್ಲಿ ಶಿಕಾಗೋದಲ್ಲಿ ಫೆಲ್-ಪ್ರೊ ಕಂಪನಿ ಹುಟ್ಟಿತು.

ಕಾಗದ, ಕಾರ್ಕ್, ಫೆಲ್ಟ್ ಇವು ಒಂಟಿಯಾಗಿ ಎಣ್ಣೆಯನ್ನು ಪೂರ್ತಿ ತಡೆಯಲಾರವು. ಅವುಗಳ ಜೊತೆಗೆ ಬಂದ ಲೇಪ ಅರಗು. 1909ರಲ್ಲಿ ಅಮೆರಿಕದಲ್ಲಿ ಶುರುವಾದ ಪರ್ಮಾಟೆಕ್ಸ್ ಕಂಪನಿ ಅರಗಿನ ಗ್ಯಾಸ್ಕೆಟ್ ಲೇಪಗಳಿಂದ ಹೆಸರು ಮಾಡಿತು. ಅರಗಿನ ಗುಣ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮದ್ಯಸಾರದಲ್ಲಿ ಅದು ಕರಗುತ್ತದೆ, ಪೆಟ್ರೋಲ್‌ನಲ್ಲಾಗಲಿ ಎಣ್ಣೆಯಲ್ಲಾಗಲಿ ಕರಗುವುದಿಲ್ಲ. ಕುಂಚದಿಂದ ಬಳಿದರೆ ಮದ್ಯಸಾರ ಆರಿಹೋಗಿ ತೆಳು ಪೊರೆ ಉಳಿಯುತ್ತದೆ. ಜಗತ್ತಿನ ಅರಗಿನ ಬಹುಪಾಲು ಬರುತ್ತಿದ್ದದ್ದು ಭಾರತದಿಂದ: ಛೋಟಾನಾಗಪುರದ ಕಾಡುಗಳಲ್ಲಿ ಮುತ್ತುಗ, ಕುಸುಮ, ಬೋರೆ ಮರಗಳ ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸಿದ ರಾಳ ಅದು. 1924ರಲ್ಲಿ ರಾಂಚಿಯ ಬಳಿ ಅರಗಿನ ಸಂಶೋಧನಾ ಸಂಸ್ಥೆಯೂ ಸ್ಥಾಪನೆಯಾಯಿತು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣದ ಹೊಳಪು ಕೊಡುವ ಅರಗೇ ಡೆಟ್ರಾಯಿಟ್ ಕಾರುಗಳ ಎಣ್ಣೆಯನ್ನೂ ಹಿಡಿದಿಟ್ಟಿತು ಎಂಬುದು ಅರಗು ಸಾಕುವ ಆದಿವಾಸಿ ಕುಟುಂಬಗಳ ಶ್ರಮಕ್ಕೆ ಸಲ್ಲಬೇಕಾದ ಮನ್ನಣೆ. ಮೋಟಾರು ಇತಿಹಾಸದ ಪುಸ್ತಕಗಳಲ್ಲಿ ಇದು ಅಪರೂಪ.

ಅರಗಿಗೆ ಒಂದು ದೋಷವಿದೆ. ಒಣಗಿದ ಮೇಲೆ ಗಟ್ಟಿಯಾಗಿ, ಬಿಸಿ ಮತ್ತು ಕಂಪನಕ್ಕೆ ಬಿರುಕು ಬಿಡುತ್ತದೆ. ಮುಂದಿನ ಸಲ ಎಂಜಿನ್ ಬಿಚ್ಚುವವನು ಅದನ್ನು ಕೆರೆದು ತೆಗೆಯಬೇಕು. ಹೀಗೆ ಕೆರೆಯುವಾಗ ಮೆದುವಾದ ಅಲ್ಯೂಮಿನಿಯಂ ಮುಖಕ್ಕೆ ಗೀರು ಬಿದ್ದರೆ ಹೊಸ ಸೋರಿಕೆಗೆ ದಾರಿಯಾಯಿತು. ಆದ್ದರಿಂದ ಪೂರ್ತಿ ಗಟ್ಟಿಯಾಗದ ಲೇಪಗಳ ಹುಡುಕಾಟ ನಡೆಯಿತು. ಇದಕ್ಕೆ ಹೆಚ್ಚು ಒತ್ತಡ ಬಂದದ್ದು ವಿಮಾನಗಳಿಂದ. ಕಾಂಟಿನೆಂಟಲ್ ಮತ್ತು ಲೈಕಮಿಂಗ್ ವಿಮಾನ ಎಂಜಿನ್‌ಗಳ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳ ನಡುವೆ ಗ್ಯಾಸ್ಕೆಟ್ ಹಾಕುವಂತಿಲ್ಲ. ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳನ್ನು ಹಿಡಿದಿರುವುದು ಆ ಹೋಳುಗಳೇ. ಒಂದು ಕಾಗದದಷ್ಟು ದಪ್ಪ ಸೇರಿದರೂ ಬೇರಿಂಗಿನ ಅಳತೆ ಕೆಡುತ್ತದೆ. ಅಲ್ಲಿ ತೆಳುವಾಗಿ ಮೆದು ಲೇಪ ಬಳಿದು, ಅದರ ಮೇಲೆ ರೇಷ್ಮೆ ದಾರವನ್ನು ಅಂಚಿನ ಉದ್ದಕ್ಕೂ ಹಾಯಿಸಿ ಕೂಡಿಸುತ್ತಾರೆ. ಈ ಕ್ರಮ ಇಂದಿಗೂ ನಡೆದಿದೆ. ಫೋಕ್ಸ್‌ವ್ಯಾಗನ್ ಬೀಟಲ್‌ನ ಕ್ರ್ಯಾಂಕ್‌ಕೇಸ್ ಕೂಡ ಹೀಗೆಯೇ ನಡುವೆ ಸೀಳಿದ್ದು, ಅದರ ಹೋಳುಗಳ ನಡುವೆ ಇರುವುದು ಲೇಪ ಮಾತ್ರ. ಜೆಟ್ ಎಂಜಿನ್ನಿಗಾಗಿ ರೋಲ್ಸ್-ರಾಯ್ಸ್ ರೂಪಿಸಿದ ನೀಲಿ ಬಣ್ಣದ ಹೈಲೋಮಾರ್ ಎಂದೂ ಒಣಗದ ಲೇಪ. ಅದು ಬೇಗನೆ ಕಾರು ರಿಪೇರಿಗೂ ಇಳಿಯಿತು.

1953ರಲ್ಲಿ ಅಮೆರಿಕದ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ಮುಂದೆ ಲಾಕ್‌ಟೈಟ್ ಎಂದು ಹೆಸರಾದ ಕಂಪನಿ ಸ್ಥಾಪಿಸಿದರು. ಅವರ ಅಂಟು ಗಾಳಿ ಇರುವವರೆಗೆ ದ್ರವವಾಗಿಯೇ ಇದ್ದು, ಎರಡು ಲೋಹಗಳ ನಡುವೆ ಗಾಳಿ ಸಿಗದಾದಾಗ ಗಟ್ಟಿಯಾಗುತ್ತದೆ. ನಯವಾಗಿ ಯಂತ್ರದಲ್ಲಿ ಕಡೆದ, ಬಾಗದ ಮುಖಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಹೊರಗೆ ಉಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿದರಾಯಿತು.

ಎಣ್ಣೆ ನಿಲ್ಲುವ ತಗಡಿನ ಸಂಪ್, ತಗಡಿನ ಟ್ಯಾಪೆಟ್ ಕವರ್ ಮುಂತಾದ ಬಾಗುವ ಭಾಗಗಳಿಗೆ ಇದು ಸಾಲದು. ಆ ಜಾಗ ಸಿಲಿಕೋನಿನದಾಯಿತು. 1940ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಯೂಜೀನ್ ರೋಚೋ ಕಂಡುಹಿಡಿದ ತಯಾರಿಕಾ ವಿಧಾನದಿಂದ ಸಿಲಿಕೋನ್ ಅಗ್ಗವಾಯಿತು. ಗಾಳಿಯ ತೇವವನ್ನು ಹೀರಿ ರಬ್ಬರಾಗುವ ಪೇಸ್ಟುಗಳು ಟ್ಯೂಬಿನಲ್ಲಿ ಬಂದವು. ಕಾರು ಕಾರ್ಖಾನೆಗಳಿಗೆ ಇದರಿಂದ ಅನುಕೂಲವಾಯಿತು: ನೂರಾರು ಆಕಾರದ ಕಾರ್ಕ್ ಗ್ಯಾಸ್ಕೆಟ್‌ಗಳನ್ನು ದಾಸ್ತಾನಿಡುವ ಬದಲು ಯಂತ್ರವೇ ಅಂಚಿನ ಮೇಲೆ ಸಿಲಿಕೋನಿನ ಎಳೆ ಎಳೆಯುತ್ತದೆ. ಅನೇಕ ಕಡೆ ಗ್ಯಾಸ್ಕೆಟ್ ಹೋಗಿ, ಅದರ ಸಹಾಯಕ್ಕೆಂದು ಬಂದ ಲೇಪವೇ ಗ್ಯಾಸ್ಕೆಟ್ ಆಯಿತು.

ಸಿಲಿಕೋನಿನ ತೊಂದರೆಗಳು ನಿಧಾನವಾಗಿ ಕಂಡವು. ಮೊದಲ ಪೇಸ್ಟುಗಳು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತಿದ್ದವು. ಆ ವಿನೆಗರ್ ವಾಸನೆ ಮೆಕ್ಯಾನಿಕ್‌ಗಳಿಗೆ ಪರಿಚಿತ. 1976ರಲ್ಲಿ ವೋಲ್ವೋ ಕಾರುಗಳಲ್ಲಿ ಆಕ್ಸಿಜನ್ ಸೆನ್ಸರ್ ಬಂದ ಮೇಲೆ ಇನ್ನೊಂದು ಅಡ್ಡಿ ಎದುರಾಯಿತು. ಸಿಲಿಕೋನಿನ ಆವಿ ಎಂಜಿನ್ನಿನಲ್ಲಿ ಉರಿದು ಸೆನ್ಸರಿನ ಮೇಲೆ ಸಿಲಿಕಾ ಪದರ ಕಟ್ಟಿಸುತ್ತಿತ್ತು. ಆವಿ ಕಡಿಮೆ ಬಿಡುವ ಬಗೆಗಳು ಇದರಿಂದ ಹುಟ್ಟಿದವು. ಪೆಟ್ರೋಲ್ ತಗುಲಿದರೆ ಸಿಲಿಕೋನ್ ಊದಿಕೊಳ್ಳುವುದರಿಂದ ಕಾರ್ಬ್ಯುರೇಟರಿಗೆ ಅದು ಸಲ್ಲದು. ಎಲ್ಲಕ್ಕಿಂತ ದೊಡ್ಡ ಅಪಾಯ ಧಾರಾಳತನ. ಹೆಚ್ಚು ಹಚ್ಚಿದ್ದು ಒಳಮುಖವಾಗಿ ಉಕ್ಕಿ, ತುಂಡಾಗಿ, ಸಂಪಿನಲ್ಲಿರುವ ಎಣ್ಣೆಯ ಜಾಲರಿಗೆ ಅಡ್ಡ ಕೂರುತ್ತದೆ. ಎಣ್ಣೆ ಸಿಗದ ಬೇರಿಂಗ್ ಸುಟ್ಟುಹೋಗುತ್ತದೆ.

ಭಾರತದ ಗ್ಯಾರೇಜುಗಳಲ್ಲಿ ಈ ಎಲ್ಲ ಕಾಲಗಳೂ ಒಟ್ಟಿಗೇ ಉಳಿದವು. ಬ್ರಿಟಿಷ್ ವಿನ್ಯಾಸದ 1489 ಸಿಸಿ ಎಂಜಿನ್ ಹೊತ್ತ ಅಂಬಾಸಿಡರ್‌ಗೆ ‘ಪ್ಯಾಕಿಂಗ್’, ಅಂದರೆ ಗ್ಯಾಸ್ಕೆಟ್, ಬೇಕಾದರೆ ಕಾಗದವನ್ನು ಮುಖದ ಮೇಲಿಟ್ಟು ಸುತ್ತಿಗೆಯಿಂದ ಅಂಚು ತಟ್ಟಿ ಕತ್ತರಿಸಿಕೊಳ್ಳುವ ಕೈಚಳಕ ಸಾಮಾನ್ಯವಾಗಿತ್ತು. ಅದಕ್ಕೆ ಶೆಲ್ಯಾಕ್, ಅಂದರೆ ಅರಗಿನ ಲೇಪ, ಹಚ್ಚುತ್ತಿದ್ದರು, ಆಮೇಲೆ ಅನಾಬಾಂಡ್ ಎಂಬ ಲೇಪದ ಟ್ಯೂಬ್ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಗಳು ಈ ಕಸುಬನ್ನು ಸಾಕಿದವು. ಆ ಬ್ರಿಟಿಷ್ ಎಂಜಿನ್‌ಗಳ ಹಿಂಭಾಗದಲ್ಲಿ ಕ್ರ್ಯಾಂಕ್‌ಶಾಫ್ಟ್‌ಗೆ ರಬ್ಬರ್ ಸೀಲ್ ಇರಲಿಲ್ಲ. ಎಣ್ಣೆಯನ್ನು ಹಿಂದಕ್ಕೆ ತಳ್ಳುವ ಸುರುಳಿ ತೋಡು ಮಾತ್ರ ಇತ್ತು. ಅಲ್ಲಿಂದ ತೊಟ್ಟಿಕ್ಕುವ ಎಣ್ಣೆಗೆ ಯಾವ ಲೇಪವೂ ಮದ್ದಾಗಲಿಲ್ಲ.

ಬೇರೆ ಕಡೆ ಲೇಪವೇ ಗ್ಯಾಸ್ಕೆಟ್ ಆದರೆ, ಹೆಡ್ ಗ್ಯಾಸ್ಕೆಟ್‌ನ ಕಥೆ ತದ್ವಿರುದ್ಧ ದಿಕ್ಕಿಗೆ ಸಾಗಿತು. ಆಸ್ಬೆಸ್ಟಾಸ್ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಸಾಬೀತಾಗಿ, ಬ್ರಿಟನ್ 1999ರಲ್ಲಿ ಅದರ ಬಳಕೆ ನಿಷೇಧಿಸಿತು. 1990ರ ದಶಕದಿಂದ ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ ವ್ಯಾಪಕವಾಯಿತು. ಅದರ ಮೇಲೆ ಕಾರ್ಖಾನೆಯಲ್ಲೇ ತೆಳು ರಬ್ಬರ್ ಪದರ ಬಳಿದಿರುತ್ತದೆ. ಅದಕ್ಕೆ ಬೇಕಾದದ್ದು ಸ್ವಚ್ಛವಾದ, ನುಣುಪಾದ, ಒಣ ಮುಖ. ಮೇಲೆ ಅಂಟು ಹಚ್ಚಿದರೆ ಅದರ ಉಬ್ಬುಗೆರೆಗಳು ಸರಿಯಾಗಿ ಒತ್ತಿಕೊಳ್ಳದೆ ಸೋರಿಕೆಯೇ ಹೆಚ್ಚುತ್ತದೆ. ಆದರೆ ಅದೇ ಎಂಜಿನ್ನಿನಲ್ಲಿ ಟೈಮಿಂಗ್ ಕವರ್, ಬ್ಲಾಕ್, ಹೆಡ್ ಮೂರೂ ಕೂಡುವ ಮೂಲೆಗೆ ಒಂದು ಬೊಟ್ಟು ಸಿಲಿಕೋನ್ ಇಡಲು ತಯಾರಕರು ಸೂಚಿಸಿರುವುದುಂಟು. ಹಾಗಾಗಿ ಎಂಜಿನ್ ಕಟ್ಟುವವರು ಹಳೆಯ ಅಭ್ಯಾಸವನ್ನು ನಂಬದೆ, ಪ್ರತಿಯೊಂದು ಸಂದಿಗೂ ಆ ಎಂಜಿನ್ನಿನ ಕೈಪಿಡಿಯನ್ನು ತೆರೆದು ನೋಡಬೇಕು.