ಪಟ್ಟವಿಳಿದವರ ಭಂಡಾರ

ಅರಕೇರಿ, ತಿಕೋಟಾ, ಬಬಲೇಶ್ವರಗಳ ಕಡೆಯಿಂದ ವಿಜಯಪುರಕ್ಕೆ ಬರುವ ಭಕ್ತರು ಗೋಲಗುಮ್ಮಟವನ್ನು ನೋಡದೆ ಹಿಂದಿರುಗುವುದು ವಿರಳ. ಬಾರಾಕಮಾನನ್ನು ನೋಡುವವರೂ ಬಹಳ. ಮೊದಲನೆಯದು 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಸಮಾಧಿ. ಎರಡನೆಯದು ಅವನ ಮಗ ಎರಡನೆಯ ಅಲಿ ತನಗಾಗಿ ಕಟ್ಟಿಸಲು ತೊಡಗಿ, ಕಮಾನುಗಳ ಮಟ್ಟಕ್ಕೇ ನಿಂತುಹೋದ ಕಟ್ಟಡ. ಆದರೆ ಆ ವಂಶದ ಕೊನೆಯ ಅರಸನಾದ ಸಿಕಂದರನ ಗೋರಿ ಇದೇ ಊರಿನಲ್ಲಿದ್ದರೂ ಅದನ್ನು ಕೇಳಿ ಹೋಗುವವರು ಕಡಿಮೆ. ಅದರ ಮೇಲೆ ಗುಮ್ಮಟವಿಲ್ಲ. ನಾಲ್ಕನೆಯ ವಯಸ್ಸಿನ ಸುಮಾರಿಗೆ ಪಟ್ಟವೇರಿದ ಈತ 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ಶರಣಾದಾಗ ಇನ್ನೂ ಹದಿನೆಂಟರ ತರುಣ. ವರ್ಷಕ್ಕೆ 1 ಲಕ್ಷ ರೂಪಾಯಿ ವೇತನವೂ ‘ಖಾನ್’ ಎಂಬ ಬಿರುದೂ ದೊರೆತವು, ಸ್ವಾತಂತ್ರ್ಯ ದೊರೆಯಲಿಲ್ಲ. 1700ರಲ್ಲಿ ಸೆರೆಯಲ್ಲಿಯೇ ಕಣ್ಣುಮುಚ್ಚಿದನು. ದೊರೆತನವನ್ನೂ ಅದರ ನಷ್ಟವನ್ನೂ ಇತರರೇ ಅವನ ಮೇಲೆ ಹೊರಿಸಿದರು. ಇಲ್ಲಿ ಲೋಭದ ಮಾತಿಗೆ ಎಡೆಯೇ ಇಲ್ಲ.

ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರನ ವಿಷಯ ಹಾಗಲ್ಲ. ಹಾಲೇರಿ ವಂಶದವರು ಲಿಂಗವಂತರಾದುದರಿಂದ ಅವನ ಕಥೆಯನ್ನು ಶರಣಪರಂಪರೆಯವರು ಹೆರವರ ಕಥೆಯೆಂದು ದೂರವಿಡುವಂತೆಯೂ ಇಲ್ಲ. ಮಾಸ್ತಿಯವರ ಕಾದಂಬರಿಯ ಮೂಲಕ ಕನ್ನಡಿಗರಿಗೆ ಅವನ ಪತನ ಪರಿಚಿತವಾಗಿದೆ. ಪತನದ ನಂತರದ ಇಪ್ಪತ್ತೈದು ವರ್ಷಗಳು ಅಷ್ಟು ಪರಿಚಿತವಲ್ಲ.

ಆ ಮನೆತನದಲ್ಲಿ ಭಂಡಾರದ ಜಗಳ ಅವನಿಗಿಂತ ಹಳೆಯದು. 1809ರಲ್ಲಿ ಲಿಂಗೈಕ್ಯನಾದ ದೊಡ್ಡ ವೀರರಾಜೇಂದ್ರನಿಗೆ ಮಗಳು ದೇವಮ್ಮಾಜಿಗೇ ಪಟ್ಟ ಸಲ್ಲಬೇಕೆಂಬ ಇಚ್ಛೆಯಿತ್ತು. ತಮ್ಮ ಲಿಂಗರಾಜೇಂದ್ರನು 1811ರಲ್ಲಿ ಅದನ್ನು ತನ್ನದಾಗಿಸಿಕೊಂಡನು. 1820ರಲ್ಲಿ ಅವನ ಮಗ ಚಿಕ್ಕ ವೀರರಾಜೇಂದ್ರನ ಕೈಗೆ ರಾಜ್ಯ ಬಂದಿತು. ಅದರೊಡನೆ, ದೊಡ್ಡಪ್ಪನು ಈಸ್ಟ್ ಇಂಡಿಯಾ ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಹಣದ ಮೇಲಿನ ಹಕ್ಕುದಾರಿಕೆಯೂ ಬಂದಿತು. ಒಡಹುಟ್ಟಿದ ತಂಗಿಯೂ ಅವಳ ಗಂಡ ಚೆನ್ನಬಸಪ್ಪನೂ 1832ರಲ್ಲಿ ಅವನಿಗೆ ಹೆದರಿ ಮೈಸೂರು ಸೀಮೆಗೆ ಓಡಿ ಕಂಪನಿಯವರ ಆಶ್ರಯ ಪಡೆದರು. ಅದೇ ನೆಪವಾಗಿ 1834ರ ಏಪ್ರಿಲಿನಲ್ಲಿ ಕಂಪನಿಯ ಸೇನೆ ಮಡಿಕೇರಿಯನ್ನು ಹೊಕ್ಕಿತು. ಅರಸನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳುಹಿಸಲಾಯಿತು.

ಕಾಶಿಯಲ್ಲಿ ಅವನಿಗೆ ವಿಶ್ರಾಂತಿವೇತನವಿತ್ತು, ಪರಿವಾರವಿತ್ತು. ಆದರೂ ಮನಸ್ಸು ಆ ಸಾಲಪತ್ರಗಳಲ್ಲಿಯೇ ನೆಟ್ಟಿತ್ತು. 1852ರಲ್ಲಿ ಹಣವನ್ನು ಮರಳಿ ಪಡೆಯಲೆಂದೇ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದನು. ಸಂಗಡ ಹನ್ನೊಂದು ವರ್ಷದ ಮುದ್ದಿನ ಮಗಳು ಗೌರಮ್ಮ. ಅದೇ ವರ್ಷ ಆ ಬಾಲೆಗೆ ಕ್ರೈಸ್ತದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಅವಳಿಗಿತ್ತಳು. ಅರಮನೆಯ ಕೃಪೆ ದೊರೆತರೆ ಹಣದ ಮೊಕದ್ದಮೆ ಸುಲಭವಾದೀತೆಂಬ ಎಣಿಕೆ ತಂದೆಯದಾಗಿತ್ತೆಂದು ಬರೆದವರುಂಟು. ತಂದೆಯ ಮನಸ್ಸನ್ನು ಕಂಡವರಾರು? ಮಗಳು ಮಾತ್ರ ಅವನ ಮನೆಯಿಂದ ದೂರವಾಗಿ ಪರರ ಆರೈಕೆಯಲ್ಲಿ ಬೆಳೆದಳು ಎಂಬುದು ದಿಟ. ಅರಸನು 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಅಲ್ಲಿಯ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣಾದನು. ಮರುವರ್ಷ ದಾವೆ ವಜಾ ಆಯಿತು. ಯುದ್ಧದಲ್ಲಿ ರಾಜ್ಯಾಧಿಕಾರದಿಂದ ವಶಪಡಿಸಿಕೊಂಡುದನ್ನು ನ್ಯಾಯಾಲಯ ವಿಚಾರಿಸಲಾಗದೆಂಬುದು ತೀರ್ಪಿನ ತಾತ್ಪರ್ಯ. ಗೌರಮ್ಮ 1864ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲಿ, ಮರಣಹೊಂದಿದಳು.

ತನ್ನದೆಂದು ನಂಬಿದ ಹಣವನ್ನು ಕೇಳುವುದೇ ಲೋಭವೆನ್ನಲಾಗದು. ಕಾಗದ ಬರೆದುಕೊಟ್ಟು ಹಣ ಪಡೆದ ಕಂಪನಿ, ಕೇಳಲು ಬಂದವನಿಗೆ ಯುದ್ಧದ ನ್ಯಾಯ ಹೇಳಿತು. ಆ ಲೋಭದ ಮುಂದೆ ಅರಸನದು ಸಣ್ಣದು. ಆದರೆ ರಾಜ್ಯ ಹೋದುದಕ್ಕಿಂತ ಹಣ ಹೋದುದೇ ಅವನನ್ನು ಹೆಚ್ಚು ಕಾಡಿದಂತೆ ತೋರುತ್ತದೆ. ಪಟ್ಟವಿಳಿದ ಮೇಲೆ ಅವನಿಗೆ ಆಯುಷ್ಯವಿತ್ತು, ಕಾಯಕವಿರಲಿಲ್ಲ. ಕೊರತೆಯ ಬೇರು ಇಲ್ಲಿಯೇ ಇದ್ದಿರಬೇಕು.

ಮೋಳಿಗೆಯ ಮಾರಯ್ಯನವರ ಕಥೆ ಇಲ್ಲಿ ನೆನಪಾಗುವುದು ಸಹಜ. ಕಾಶ್ಮೀರದ ಅರಸುತನವನ್ನು ತೊರೆದು, ಪತ್ನಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆ ಮಾರಿ ದಾಸೋಹ ನಡೆಸಿದರೆಂದು ಪರಂಪರೆ ಹೇಳುತ್ತದೆ. ಅವರ ಬಡತನಕ್ಕೆ ಮರುಗಿ ಬಸವಣ್ಣನವರು ಗುಟ್ಟಾಗಿ ಇಟ್ಟುಹೋದ ಹೊನ್ನನ್ನು ಕಂಡಾಗ ಮಾರಯ್ಯನವರು ಸಂತೋಷಪಡಲಿಲ್ಲ, ನೊಂದರು. ಅದನ್ನು ಜಂಗಮಕ್ಕೆ ಸಲ್ಲಿಸಿ ಮರುದಿನ ಮತ್ತೆ ಕಟ್ಟಿಗೆಗೆ ಹೊರಟರು. ಇದು ಪುರಾಣವಾಯಿತು, ಇತಿಹಾಸದ ತಕ್ಕಡಿಗೆ ಬಾರದು ಎನ್ನುವವರಿಗೆ ಹಳೆಯ ವಿಜಾಪುರ ಜಿಲ್ಲೆಯಲ್ಲಿಯೇ ಒಂದು ಉದಾಹರಣೆಯಿದೆ.

ಹುನಗುಂದದಿಂದ ಆರಿಸಿಬಂದ ಎಸ್. ಆರ್. ಕಂಠಿಯವರು ಮೈಸೂರು ರಾಜ್ಯದ ವಿಧಾನಸಭೆಯ ಅಧ್ಯಕ್ಷರಾಗಿದ್ದವರು. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತುದರಿಂದ ಮಾರ್ಚ್ 14ರಂದು ಕಂಠಿಯವರು ಮುಖ್ಯಮಂತ್ರಿಯಾದರು. ಬಾಗಲಕೋಟೆಯಿಂದ ನಿಜಲಿಂಗಪ್ಪನವರು ಆರಿಸಿಬಂದೊಡನೆ, ಜೂನ್ ತಿಂಗಳಲ್ಲಿ, ಆ ಸ್ಥಾನವನ್ನು ಅವರಿಗೆ ಬಿಟ್ಟುಕೊಟ್ಟರು. ಇವರನ್ನು ಯಾರೂ ಬಲವಂತದಿಂದ ಇಳಿಸಲಿಲ್ಲವಾದ್ದರಿಂದ ಹೋಲಿಕೆ ಪೂರ್ತಿ ಸಲ್ಲದು. ಆದರೆ ರಾಜ್ಯದ ಭಂಡಾರ ಮೂರು ತಿಂಗಳು ಕೈಯಲ್ಲಿದ್ದ ಮೇಲೆ ಬಿಡಲು ಮನಸ್ಸು ಬಾರದವರನ್ನು ಜನ ಆಮೇಲೆ ಬಹಳ ಕಂಡಿದ್ದಾರೆ. ಕಂಠಿಯವರು ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ ಕುಳಿತು ಕೆಲಸ ಮುಂದುವರಿಸಿದರು. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಆರಂಭವಾದುದು ಆ ಅವಧಿಯಲ್ಲಿ.