ಬಳೆಯ ಬಣ್ಣ ಬದಲಾದರೆ ಚಿಂತೆಯಿಲ್ಲ

ಸಿನಿಮಾದಲ್ಲಿ ನಾಯಕಿ ನಡುಮನೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಹಸಿರು ಬಳೆ ಕೆಂಪಾಗಿದ್ದರೆ, ಅದು ಮೊದಲು ಕಾಣುವುದು ನಮ್ಮ ಹೆಂಗಸರ ಕಣ್ಣಿಗೇ. ವಿಮಾನದ ಸಾಹಸಚಿತ್ರಗಳಲ್ಲಂತೂ ಇಂಥ ತಪ್ಪುಗಳಿಗೆ ಲೆಕ್ಕವಿಲ್ಲ. 1990ರ ‘ಡೈ ಹಾರ್ಡ್ 2’ ಚಿತ್ರದ ಕಥೆ ನಡೆಯುವುದು ಅಮೆರಿಕದ ಪೂರ್ವ ಭಾಗದ ವಾಷಿಂಗ್ಟನ್ನಿನಲ್ಲಿ. ಅಲ್ಲಿಯ ವಿಮಾನ ನಿಲ್ದಾಣದ ಟೆಲಿಫೋನಿನ ಮೇಲೆ ಮಾತ್ರ ಪಶ್ಚಿಮದ ಕ್ಯಾಲಿಫೋರ್ನಿಯಾದ ‘ಪೆಸಿಫಿಕ್ ಬೆಲ್’ ಕಂಪನಿಯ ಹೆಸರು! ಕೆಳಗಿಳಿಯಲಾಗದ ವಿಮಾನಗಳು ಇಂಧನ ಮುಗಿಯುವವರೆಗೂ ಅಲ್ಲೇ ಗಿರಕಿ ಹೊಡೆಯುತ್ತವೆ. ಹವೆ ಕೆಟ್ಟಿದ್ದರೆ ಇನ್ನೊಂದು ನಿಲ್ದಾಣ ತಲುಪುವಷ್ಟು, ಅದರ ಮೇಲೆ ಮತ್ತೆ 45 ನಿಮಿಷ ಹಾರುವಷ್ಟು ಇಂಧನ ತುಂಬಿಕೊಂಡೇ ಹೊರಡಬೇಕೆಂಬುದು ಅಲ್ಲಿಯ ನಿಯಮ. ಇರಲಿ, ಅದು ಕಟ್ಟುಕಥೆ. ನಕ್ಕು ಸುಮ್ಮನಾಗಬಹುದು.

ನಡೆದ ಸಂಗತಿಯನ್ನೇ ಸಿನಿಮಾ ಮಾಡಿದಾಗ ಹಾಗೆ ನಕ್ಕು ಬಿಡಲು ಚರಿತ್ರೆ ಪಾಠ ಹೇಳುವ ನನಗೆ ಮನಸ್ಸು ಬಾರದು.

2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಮೇಲೇರಿದ ವಿಮಾನವೊಂದಕ್ಕೆ ಹೆಬ್ಬಾತುಗಳ ಹಿಂಡು ಬಡಿಯಿತು. ಎರಡೂ ಎಂಜಿನ್‌ಗಳು ಶಕ್ತಿ ಕಳೆದುಕೊಂಡವು. ಕ್ಯಾಪ್ಟನ್ ಸಲೆನ್‌ಬರ್ಗರ್ ಸುಮಾರು ಮೂರೂವರೆ ನಿಮಿಷದಲ್ಲಿ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. ಒಳಗಿದ್ದ 155 ಜನರೂ ಬದುಕಿದರು. 2016ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಈ ಘಟನೆಯನ್ನು ‘ಸಲ್ಲಿ’ ಎಂಬ ಚಿತ್ರವಾಗಿಸಿದರು. ಎಲ್ಲರೂ ಬದುಕಿದ ಕಥೆಗೆ ಖಳನಾಯಕನನ್ನು ಎಲ್ಲಿಂದ ತರಬೇಕು? ಅಪಘಾತದ ತನಿಖೆ ಮಾಡಿದವರನ್ನೇ ಖಳರನ್ನಾಗಿಸಿಬಿಟ್ಟರು.

ಚಿತ್ರದಲ್ಲಿ ತನಿಖೆಯವರು, ವಿಮಾನವನ್ನು ನಿಲ್ದಾಣಕ್ಕೇ ಮರಳಿಸಬಹುದಿತ್ತೆಂದು ಕ್ಯಾಪ್ಟನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ಕೇಳುತ್ತಾರೆ. ಏನಾಯಿತೆಂದು ತಿಳಿಯಲು ಮನುಷ್ಯನಿಗೆ ಒಂದಿಷ್ಟು ಹೊತ್ತು ಬೇಡವೇ ಎಂದು ಅವರಿಗೆ ಕ್ಯಾಪ್ಟನ್ನೇ ಪಾಠ ಹೇಳಬೇಕಾಗುತ್ತದೆ. ನಿಜವಾಗಿ, 35 ಸೆಕೆಂಡ್ ತಡಮಾಡಿ ತಿರುಗಿಸಿದರೆ ಏನಾಗುತ್ತದೆಂಬ ಪರೀಕ್ಷೆಯೂ ಮಂಡಳಿಯ ತನಿಖೆಯಲ್ಲೇ ಸೇರಿತ್ತು. ಆಗ ವಿಮಾನ ನಿಲ್ದಾಣ ಮುಟ್ಟಲಿಲ್ಲ. ನದಿಯ ಮೇಲೆ ಇಳಿಸಿದ್ದೇ ಸರಿಯೆಂದು 2010ರ ಮೇ ತಿಂಗಳಲ್ಲಿ ಬಂದ ಮಂಡಳಿಯ ವರದಿ ಹೇಳಿತು. ಒಂದು ವರ್ಷಕ್ಕೂ ಮೀರಿ ನಡೆದ ಈ ಕೆಲಸ ಚಿತ್ರದಲ್ಲಿ ಕೆಲವೇ ದಿನಗಳ ಜಗಳವಾಗಿದೆ. ಅದನ್ನು ಕಂಡು ತನಿಖೆ ನಡೆಸಿದವರು ಬಹಿರಂಗವಾಗಿಯೇ ಬೇಸರಪಟ್ಟರು.

ಜನ ಬದುಕಿದ್ದಕ್ಕೆ ಆ ವರದಿ ಕೊಟ್ಟ ಕಾರಣಗಳನ್ನು ನೋಡಿ: ಪೈಲಟ್‌ಗಳ ತೀರ್ಮಾನ ಮತ್ತು ಹೊಂದಾಣಿಕೆ, ಜನರನ್ನು ಬೇಗ ಹೊರಗೆ ಕಳಿಸಿದ ಮೂವರು ಗಗನಸಖಿಯರು, ಬೇಗನೆ ಬಂದೊದಗಿದ ರಕ್ಷಕರು, ಜೊತೆಗೆ ಅದೃಷ್ಟ. ಆ ದಾರಿಗೆ ಕಡ್ಡಾಯವಲ್ಲದಿದ್ದರೂ, ನೀರಿನ ಮೇಲೆ ತೇಲುವ ತೆಪ್ಪಗಳು ಆ ವಿಮಾನದಲ್ಲಿದ್ದವು. ಆ ಮೂವರು ಗಗನಸಖಿಯರೂ ಐವತ್ತು ದಾಟಿದವರು ಎಂಬುದನ್ನು ಓದಿ, ನನ್ನ ವಯಸ್ಸಿನವರೆಂದು ನನಗೆ ಒಳಗೊಳಗೇ ಹಿಗ್ಗು!

‘ಸಿನಿಮಾದಲ್ಲಿ ಹಾಗೇ ತೋರಿಸಿದ್ದಾರಲ್ಲ, ಮಿಸ್’ ಎನ್ನುವ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಒಬ್ಬರನ್ನು ದೊಡ್ಡವರನ್ನಾಗಿಸಲು ಇನ್ನೊಬ್ಬರನ್ನು ಕೆಟ್ಟವರನ್ನಾಗಿಸಬೇಕಿಲ್ಲ. ಅಪಘಾತದ ತನಿಖೆ ನಡೆಯುವುದು ಯಾರನ್ನೋ ಗಲ್ಲಿಗೇರಿಸಲು ಅಲ್ಲ, ಮುಂದಿನ ಅಪಘಾತ ತಪ್ಪಿಸಲು. ಪ್ರಶ್ನೆ ಕೇಳುವವರೆಲ್ಲ ವೈರಿಗಳೆಂದು ಜನ ನಂಬಿಬಿಟ್ಟರೆ, ನಾಳೆ ನಿಜ ಹೇಳಬೇಕಾದವರು ಬಾಯಿ ಬಿಡುವುದಿಲ್ಲ. ಬಳೆಯ ಬಣ್ಣ ಬದಲಾದರೆ ಯಾರಿಗೂ ನಷ್ಟವಿಲ್ಲ. ಒಳ್ಳೆಯ ಕೆಲಸ ಮಾಡಿದವರ ಹೆಸರಿಗೆ ಮಸಿ ಬಳಿದರೆ, ಅದನ್ನು ತೊಳೆಯುವವರು ಯಾರು?